ರಸ್ತೆ ಮುಗಿಯುವ ಊರಿನ ಲಾರಿ ಲೈಸೆನ್ಸ್

ಒಂದು ಒಗಟಿನಿಂದ ಪ್ರಾರಂಭಿಸೋಣ.

ಲಾರಿ ಓಡಿಸಬೇಕಾದರೆ ಲೈಸೆನ್ಸ್ ಬೇಕು. ಲೈಸೆನ್ಸ್ ದೊರೆಯಬೇಕಾದರೆ ಅಧಿಕಾರಿಯ ಎದುರು ಲಾರಿ ಓಡಿಸಿ ತೋರಿಸಬೇಕು. ಓಡಿಸಿ ತೋರಿಸಲು ಪರೀಕ್ಷೆ ನಡೆಯುವ ಊರಿಗೆ ಲಾರಿಯನ್ನು ಒಯ್ಯಬೇಕು. ಇಲ್ಲಿಯವರೆಗೆ ಯಾವ ತೊಡಕೂ ಇಲ್ಲ. ಆದರೆ ನಿಮ್ಮೂರು ಸಮುದ್ರದ ನಡುವಿನ ಒಂದು ದ್ವೀಪ ಎಂದುಕೊಳ್ಳಿ. ಊರಿಗಿರುವುದು ಒಂದೆರಡು ಲಾರಿಗಳು. ಅವು ಎಂದೋ ಒಂದು ಬೇಸಿಗೆಯಲ್ಲಿ ಬಾರ್ಜಿನ ಮೇಲೆ ಬಂದಿಳಿದವು, ಮತ್ತೆ ಹಿಂದಿರುಗಲಿಲ್ಲ. ಪರೀಕ್ಷಾಧಿಕಾರಿ ಇರುವ ಪಟ್ಟಣ ನೂರಾರು ಕಿಲೋಮೀಟರ್ ಆಚೆ. ಅಲ್ಲಿಗೆ ಹೋಗಲು ಇರುವ ದಾರಿ ಪುಟ್ಟ ವಿಮಾನ. ವಿಮಾನವನ್ನು ನೀವು ಹತ್ತಬಹುದು, ನಿಮ್ಮ ಲಾರಿ ಹತ್ತಲಾರದು. ಹಾಗಾದರೆ ಪರೀಕ್ಷೆ ಹೇಗೆ? ಪರೀಕ್ಷೆಯಿಲ್ಲದೆ ಲೈಸೆನ್ಸ್ ಹೇಗೆ? ಲೈಸೆನ್ಸ್ ಇಲ್ಲದ ಚಾಲಕನ ಕೈಗೆ ಶಾಲೆಯ ಬಸ್ಸನ್ನು ಕೊಡುವುದಾದರೂ ಹೇಗೆ?

ಇದು ಕಲ್ಪನೆಯ ಒಗಟಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಅಲಾಸ್ಕಾ ರಾಜ್ಯದಲ್ಲಿ ಅಧಿಕಾರಿಗಳ ಮುಂದೆ ನಿಜವಾಗಿಯೇ ಎದ್ದ ಪ್ರಶ್ನೆ. ಅದಕ್ಕೆ ಅವರು ಕಂಡುಕೊಂಡ ಉತ್ತರ ಇಂದಿಗೂ ಅಲ್ಲಿನ ನಿಯಮಾವಳಿಯಲ್ಲಿದೆ. ಇಡೀ ದೇಶಕ್ಕೆಂದು ಮಾಡಿದ ಕಾನೂನು ದೇಶದ ತುತ್ತತುದಿಗೆ ಹೋಗಿ ತಲುಪಿದಾಗ ಏನಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಅರ್ಧ ಗಂಟೆಯ ಮಾತುಕತೆಯಲ್ಲಿ ಇಂಥ ವಿಷಯದ ಲೆಕ್ಕಾಚಾರಗಳನ್ನೆಲ್ಲ ಬಿಡಿಸಿ ಹೇಳುವುದು ಕಷ್ಟ. ಪುಟಗಳಲ್ಲಾದರೆ ನೀವು ನಿಧಾನವಾಗಿ ಓದಬಹುದು, ಬೇಕಾದಲ್ಲಿ ಪೆನ್ಸಿಲ್ ಹಿಡಿದು ನಾನು ಹಾಕಿದ ಲೆಕ್ಕ ಸರಿಯೇ ಎಂದು ನೋಡಬಹುದು.

ಮೊದಲು ಕಾನೂನಿನ ಹುಟ್ಟನ್ನು ನೋಡೋಣ. ನಮ್ಮಲ್ಲಿ ಮೋಟಾರು ವಾಹನಗಳಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ. 1939ರದು ಹೋಗಿ 1988ರದು ಬಂತು, 1989ರ ಜುಲೈ 1ರಿಂದ ಜಾರಿಯಾಯಿತು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಚಾಲಕರಿಗೆ ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಕೆಲಸ. 1980ರ ದಶಕದವರೆಗೂ ಒಂದೊಂದು ರಾಜ್ಯದಲ್ಲಿ ಒಂದೊಂದು ಪದ್ಧತಿ ನಡೆದು ಬಂದಿತ್ತು. ಕೆಲವು ರಾಜ್ಯಗಳಲ್ಲಂತೂ ಕಾರು ಓಡಿಸುವ ಲೈಸೆನ್ಸ್ ಇದ್ದವನು ಅದರಿಂದಲೇ ದೊಡ್ಡ ಲಾರಿಯನ್ನೋ ಬಸ್ಸನ್ನೋ ಹೆದ್ದಾರಿಗೆ ಇಳಿಸಬಹುದಾಗಿತ್ತು. ಅದಕ್ಕಾಗಿ ಬೇರೆ ಪರೀಕ್ಷೆ ಇರಲಿಲ್ಲ.

ಇದಕ್ಕಿಂತಲೂ ದೊಡ್ಡ ತೊಂದರೆ ಇನ್ನೊಂದಿತ್ತು. ಒಬ್ಬನೇ ಚಾಲಕ ಎರಡು ಮೂರು ರಾಜ್ಯಗಳಿಂದ ಲೈಸೆನ್ಸ್ ಪಡೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಒಂದು ರಾಜ್ಯದಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದರೆ ಒಂದು ಕಾರ್ಡು, ಇನ್ನೊಂದು ರಾಜ್ಯದಲ್ಲಿ ಸಿಕ್ಕಿಬಿದ್ದರೆ ಮತ್ತೊಂದು ಕಾರ್ಡು. ಹೀಗೆ ತಪ್ಪುಗಳನ್ನು ಹಂಚಿಹಾಕಿದರೆ ಯಾವ ಕಾರ್ಡಿನ ಮೇಲೂ ಲೈಸೆನ್ಸ್ ರದ್ದಾಗುವಷ್ಟು ಹೊರೆ ಬೀಳುತ್ತಿರಲಿಲ್ಲ. ಒಂದು ವೇಳೆ ಒಂದು ರದ್ದಾದರೂ ಮತ್ತೊಂದು ಇದ್ದೇ ಇತ್ತಲ್ಲ! ಆಗ ರಾಜ್ಯಗಳ ಕಡತಗಳು ಒಂದಕ್ಕೊಂದು ಮಾತನಾಡುತ್ತಿರಲಿಲ್ಲ.

ಈ ಕಳ್ಳದಾರಿಯನ್ನು ಮುಚ್ಚಲೆಂದು 1986ರ ಅಕ್ಟೋಬರಿನಲ್ಲಿ, ರೊನಾಲ್ಡ್ ರೇಗನ್ ಅಧ್ಯಕ್ಷರಾಗಿದ್ದಾಗ, ವಾಣಿಜ್ಯ ಮೋಟಾರು ವಾಹನ ಸುರಕ್ಷತಾ ಕಾಯ್ದೆ ಬಂತು. ಲೈಸೆನ್ಸ್ ಕೊಡುವ ಅಧಿಕಾರ ರಾಜ್ಯಗಳ ಬಳಿಯೇ ಉಳಿಯಿತು. ಆದರೆ ಅದಕ್ಕೆ ಕನಿಷ್ಠ ಮಟ್ಟ ಯಾವುದೆಂದು ನಿಗದಿ ಮಾಡುವವರು ವಾಷಿಂಗ್‌ಟನ್ನಿನವರು. ಒಪ್ಪದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಮೊದಲ ವರ್ಷ ಶೇಕಡ 5, ಆಮೇಲೆ ಶೇಕಡ 10 ಕಡಿತ ಎಂದು ಆಗ ನಿಗದಿಪಡಿಸಿದರು. 1987ರ ಜುಲೈ 1ರಿಂದ ಒಬ್ಬ ಚಾಲಕನ ಬಳಿ ಒಂದಕ್ಕಿಂತ ಹೆಚ್ಚು ಲೈಸೆನ್ಸ್ ಇರಕೂಡದು ಎಂದಾಯಿತು. ಎಲ್ಲ ರಾಜ್ಯಗಳ ಕಡತಗಳನ್ನು ಜೋಡಿಸುವ ಕಂಪ್ಯೂಟರ್ ವ್ಯವಸ್ಥೆ ಸಿದ್ಧವಾಯಿತು. 1992ರ ಏಪ್ರಿಲ್ 1ರ ಹೊತ್ತಿಗೆ ದೇಶದ ಭಾರೀ ವಾಹನ ಚಾಲಕರೆಲ್ಲ ಹೊಸ ವಾಣಿಜ್ಯ ಲೈಸೆನ್ಸ್ ಪಡೆದಿರಬೇಕೆಂದು ಗಡುವು ಬಿತ್ತು.

ಭಾರೀ ವಾಹನ ಎಂದರೆ ಯಾವುದು? ಹೊರೆಯೂ ಸೇರಿ 26,001 ಪೌಂಡ್, ಅಂದರೆ ಸುಮಾರು 11,794 ಕಿಲೋಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟ ತೂಕಕ್ಕೆಂದು ತಯಾರಾದದ್ದು. ಇಲ್ಲವೆ ಚಾಲಕನೂ ಸೇರಿ 16 ಅಥವಾ ಹೆಚ್ಚು ಜನ ಕೂರುವಂಥದು. ಇಲ್ಲವೆ ಎಚ್ಚರಿಕೆಯ ಫಲಕ ಹಾಕಬೇಕಾದಷ್ಟು ಅಪಾಯಕಾರಿ ಸರಕನ್ನು ಹೊತ್ತದ್ದು. ಇವನ್ನು ಓಡಿಸುವವನಿಗೆ ಎರಡು ಪರೀಕ್ಷೆ. ಮೊದಲನೆಯದು ತಿಳಿವಳಿಕೆಯ ಪರೀಕ್ಷೆ. ಅದರಲ್ಲಿ ಕನಿಷ್ಠ 30 ಪ್ರಶ್ನೆಗಳು, ಶೇಕಡ 80 ಅಂಕ ಬಂದರೆ ಮಾತ್ರ ಪಾಸು. (ನಮ್ಮ ಪರೀಕ್ಷೆಗಳ ಪಾಸಿನ ಅಂಕವನ್ನು ನೆನೆದು ನೀವು ನಿಟ್ಟುಸಿರು ಬಿಡಬಹುದು.) ಎರಡನೆಯದು ಕೌಶಲದ ಪರೀಕ್ಷೆ. ಹೊರಡುವ ಮುನ್ನ ವಾಹನವನ್ನು ತಪಾಸಣೆ ಮಾಡುವುದು, ಹಿಂದೆ ಮುಂದೆ ಸರಿಸಿ ಹಿಡಿತ ತೋರಿಸುವುದು, ಕೊನೆಗೆ ಸಂಚಾರವಿರುವ ರಸ್ತೆಯಲ್ಲಿ ಓಡಿಸುವುದು ಎಂದು ಅದರಲ್ಲಿ ಮೂರು ಭಾಗ. ಯಾವ ಬಗೆಯ ವಾಹನಕ್ಕೆ ಲೈಸೆನ್ಸ್ ಬೇಕೋ ಆ ಬಗೆಯ ವಾಹನವನ್ನೇ ಪರೀಕ್ಷೆಗೆ ತರಬೇಕು.

ಕಾಯ್ದೆ ಬಂದ ಕೂಡಲೇ "ನಮ್ಮನ್ನು ಬಿಟ್ಟುಬಿಡಿ" ಎಂಬ ಬೇಡಿಕೆಗಳೂ ಬಂದವು. ಇದು ಎಲ್ಲ ದೇಶಗಳಲ್ಲೂ ನಡೆಯುವ ಸಂಗತಿ. ಕಾಯ್ದೆಯಲ್ಲೇ ಒಂದು ಕಿಂಡಿಯಿತ್ತು. ಸಾರ್ವಜನಿಕ ಹಿತಕ್ಕೆ ವಿರುದ್ಧವಾಗದಿದ್ದರೆ ಮತ್ತು ಸುರಕ್ಷತೆ ಕುಗ್ಗದಿದ್ದರೆ ವಿನಾಯಿತಿ ಕೊಡಬಹುದು ಎಂದು. ಸೈನಿಕ ವಾಹನಗಳನ್ನು ಓಡಿಸುವ ಸೈನಿಕರು, ತಮ್ಮ ಜಮೀನಿನಿಂದ 150 ಮೈಲಿಯೊಳಗೆ ತಮ್ಮ ಬೆಳೆಯನ್ನು ತಾವೇ ಸಾಗಿಸುವ ರೈತರು, ಅಗ್ನಿಶಾಮಕದವರು ಮುಂತಾದವರಿಗೆ 1988ರಲ್ಲಿ ವಿನಾಯಿತಿ ದೊರೆಯಿತು. ಮುಂದೆ ಪಟ್ಟಿ ಬೆಳೆಯಿತು. ಅದರಲ್ಲಿ ಒಂದು ತಮಾಷೆಯದೂ ಇದೆ. ಪಟಾಕಿ ಸಾಗಿಸುವವರಿಗೆ ವರ್ಷದಲ್ಲಿ ಜೂನ್ 30ರಿಂದ ಜುಲೈ 6ರವರೆಗೆ ಮಾತ್ರ ಒಂದು ರಿಯಾಯಿತಿ ಕೊಡಬಹುದು. ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನವೆಂದು ನಿಮಗೆ ಗೊತ್ತೇ ಇದೆ. ಏಳು ದಿನದ ವಿನಾಯಿತಿ ಯಾರಿಗಾಗಿ ಎಂದು ಬೇರೆ ಹೇಳಬೇಕಾಗಿಲ್ಲ.

ಅಲಾಸ್ಕಾದ ಬೇಡಿಕೆ ಈ ಜಾತಿಯದಲ್ಲ. ರೈತರದೂ ಪಟಾಕಿಯವರದೂ ಅನುಕೂಲದ ಮಾತು. ಅಲಾಸ್ಕಾದ್ದು ಭೂಗೋಳದ ಮಾತು.

ಅಮೆರಿಕದ ನಕ್ಷೆಯನ್ನು ಪರದೆಯ ಮೇಲೆ ತೋರಿಸುವಾಗ ಅಲಾಸ್ಕಾವನ್ನು ಕೆಳಗಿನ ಮೂಲೆಯಲ್ಲಿ, ಒಂದು ಚೌಕದೊಳಗೆ, ಕುಗ್ಗಿಸಿ ತೋರಿಸುವುದು ವಾಡಿಕೆ. ಇದರಿಂದ ನೋಡುವವರಿಗೆ ಅದೊಂದು ಸಣ್ಣ ದ್ವೀಪವೆಂಬ ಭ್ರಮೆ ಹುಟ್ಟುತ್ತದೆ. ನಿಜದಲ್ಲಿ ಅದರ ವಿಸ್ತೀರ್ಣ ಸುಮಾರು 17 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕದಂಥ ಒಂಬತ್ತು ರಾಜ್ಯಗಳಷ್ಟು. ಜನಸಂಖ್ಯೆಯಾದರೋ 2020ರ ಗಣತಿಯಂತೆ 7,33,391. ರಷ್ಯಾದಿಂದ 1867ರಲ್ಲಿ 72 ಲಕ್ಷ ಡಾಲರಿಗೆ ಕೊಂಡ ಈ ನೆಲ ರಾಜ್ಯವಾದದ್ದು 1959ರಲ್ಲಿ. ಅದರ ರಾಜಧಾನಿಯಾದ ಜೂನೋಗೇ ಹೊರಗಿನಿಂದ ರಸ್ತೆಯಿಲ್ಲ! ಹಡಗಿನಲ್ಲಿ ಬರಬೇಕು, ಇಲ್ಲವೆ ವಿಮಾನದಲ್ಲಿ. 1963ರಿಂದ ಕರಾವಳಿಯ ಊರುಗಳ ನಡುವೆ ರಾಜ್ಯವೇ ಹಡಗುಗಳನ್ನು ನಡೆಸುತ್ತಿದೆ. ಆ ಸೇವೆಗೆ ಅವರು ಇಟ್ಟಿರುವ ಹೆಸರು "ಸಾಗರ ಹೆದ್ದಾರಿ". ಆದರೆ ಈ ಹೆದ್ದಾರಿಯೂ ಎಲ್ಲ ದ್ವೀಪಗಳಿಗೆ ಹೋಗುವುದಿಲ್ಲ.

ಬೇರಿಂಗ್ ಸಮುದ್ರದಲ್ಲಿ ಸೇಂಟ್ ಲಾರೆನ್ಸ್ ಎಂಬ ದ್ವೀಪವಿದೆ. ಅಲ್ಲಿ ಗ್ಯಾಂಬೆಲ್, ಸವೂಂಗ ಎಂಬ ಎರಡು ಹಳ್ಳಿಗಳು. ಅಲ್ಲಿರುವವರು ಯೂಪಿಕ್ ಜನ. ಅಲಾಸ್ಕಾದ ಮುಖ್ಯ ಭೂಮಿಗಿಂತ ರಷ್ಯಾದ ಸೈಬೀರಿಯಾವೇ ಅವರಿಗೆ ಹತ್ತಿರ. ಅದಕ್ಕೂ ದಕ್ಷಿಣಕ್ಕೆ ಪ್ರಿಬಿಲೋಫ್ ದ್ವೀಪಗಳು. ಹದಿನೆಂಟನೆಯ ಶತಮಾನದಲ್ಲಿ ರಷ್ಯಾದ ತುಪ್ಪಳದ ವರ್ತಕರು ಸೀಲ್ ಪ್ರಾಣಿಗಳ ಬೇಟೆಗಾಗಿ ಅಲ್ಯೂಟ್ ಜನರನ್ನು ಅಲ್ಲಿಗೆ ತಂದು ಇಳಿಸಿದರು. ಅವರ ವಂಶಜರು ಇಂದಿಗೂ ಅಲ್ಲಿದ್ದಾರೆ. ಅವುಗಳಲ್ಲಿ ಸೇಂಟ್ ಪಾಲ್ ದ್ವೀಪಕ್ಕೂ ರಾಜ್ಯದ ದೊಡ್ಡ ನಗರವಾದ ಆಂಕರೇಜ್‌ಗೂ ನಡುವೆ ಸುಮಾರು 1,200 ಕಿಲೋಮೀಟರ್ ಅಂತರ.

ಇಂಥ ದೂರದ ಊರುಗಳಲ್ಲಿ ಲಾರಿಗೇನು ಕೆಲಸ ಎಂದು ನೀವು ಕೇಳಬಹುದು. ಸಮುದ್ರ ಹೆಪ್ಪುಗಟ್ಟದ ತಿಂಗಳುಗಳಲ್ಲಿ ಬಾರ್ಜುಗಳು ತೈಲವನ್ನು ತಂದು ಇಳಿಸುತ್ತವೆ. ಚಳಿಗಾಲವಿಡೀ ಮನೆಗಳನ್ನು ಬೆಚ್ಚಗಿಡುವುದೂ ವಿದ್ಯುತ್ ಕೊಡುವುದೂ ಅದೇ ತೈಲ. ಅದನ್ನು ಸಂಗ್ರಹದ ತೊಟ್ಟಿಯಿಂದ ಮನೆಮನೆಗೆ ಒಯ್ಯಬೇಕು. ವಿಮಾನದ ಓಡುದಾರಿಗೆ ಜಲ್ಲಿ ಹೊರಬೇಕು. ಕೊಳವೆಗಳಿಲ್ಲದ ಕಡೆ ಕುಡಿಯುವ ನೀರು ತರಬೇಕು, ಕಸ ಸಾಗಿಸಬೇಕು. ಇವೆಲ್ಲ ಭಾರೀ ವಾಹನದ ಕೆಲಸಗಳೇ. ಓಡುವ ದೂರ ಕೆಲವೇ ಕಿಲೋಮೀಟರ್ ಇರಬಹುದು. ಆದರೆ ಆ ಚಾಲಕ ಒಂದು ವಾರ ಗಾಡಿ ತೆಗೆಯದಿದ್ದರೆ ಊರು ನಡುಗುತ್ತದೆ, ಅಕ್ಷರಶಃ.

ಆದ್ದರಿಂದ ಅಲಾಸ್ಕಾ ರಾಜ್ಯಕ್ಕೆ, ಅದೊಂದಕ್ಕೇ, ಒಂದು ಪ್ರತ್ಯೇಕ ಅವಕಾಶವನ್ನು ನಿಯಮದಲ್ಲಿ ಬರೆದರು. ಅಲ್ಲಿನ ಕೆಲವು ಚಾಲಕರಿಗೆ ನಿರ್ಬಂಧಿತ ವಾಣಿಜ್ಯ ಲೈಸೆನ್ಸ್ ಕೊಡಬಹುದು ಎಂದು. ಆದರೆ ಯಾರಿಗೆ? ಇಲ್ಲಿ ನಿಯಮ ಬರೆದವರ ಜಾಣತನವನ್ನು ಮೆಚ್ಚಬೇಕು. ಅವರು "ದ್ವೀಪ" ಎಂಬ ಪದವನ್ನೇ ಬಳಸಲಿಲ್ಲ. ಚಾಲಕ ಓಡಿಸುವ ರಸ್ತೆ ಹೇಗಿರಬೇಕೆಂದು ಮಾತ್ರ ಹೇಳಿದರು. ಒಂದು, ಆ ರಸ್ತೆ ರಾಜ್ಯದ ಭೂಸಂಪರ್ಕವಿರುವ ಹೆದ್ದಾರಿ ಜಾಲಕ್ಕೆ ಸೇರಿರಬಾರದು. ಎರಡು, ದಿನಕ್ಕೆ ಸರಾಸರಿ 499ಕ್ಕಿಂತ ಹೆಚ್ಚು ವಾಹನಗಳು ಓಡಾಡುವ ಯಾವ ರಸ್ತೆಗೂ ಅದು ಕೂಡಿಕೊಂಡಿರಬಾರದು.

ಮೊದಲನೆಯ ಷರತ್ತಿನ ಅರ್ಥವೇನು? ನೀರು ಸುತ್ತುವರಿದ ನೆಲ ದ್ವೀಪ ಎಂದು ನಾವು ಪ್ರಾಥಮಿಕ ಶಾಲೆಯಲ್ಲಿ ಕಲಿತೆವು. ಈ ನಿಯಮದ ಲೆಕ್ಕದಲ್ಲಿ, ರಸ್ತೆಯಿಲ್ಲದ ನೆಲ ಸುತ್ತುವರಿದ ಊರೂ ದ್ವೀಪವೇ. ಮುಖ್ಯ ಭೂಮಿಯಲ್ಲೇ ಇದ್ದು, ಸುತ್ತ ಜೌಗು, ನದಿ, ಹಿಮಬೆಟ್ಟಗಳಿರುವ ನೂರಾರು ಹಳ್ಳಿಗಳು ಅಲ್ಲಿವೆ. ಚಳಿಗಾಲದಲ್ಲಿ ಕುಸ್ಕೊಕ್ವಿಮ್ ನದಿ ಹೆಪ್ಪುಗಟ್ಟಿದಾಗ ಅದರ ಮೇಲೆಯೇ ಹಿಮ ಸರಿಸಿ ದಾರಿ ಮಾಡುತ್ತಾರೆ, ವಾಹನಗಳು ಓಡುತ್ತವೆ. ಆದರೆ ಆ ಮಂಜಿನ ದಾರಿಯೂ ಹಳ್ಳಿಯಿಂದ ಹಳ್ಳಿಗೆ ಹೋಗುತ್ತದೆಯೇ ವಿನಾ ರಾಜ್ಯದ ಹೆದ್ದಾರಿಗೆ ಹೋಗಿ ಮುಟ್ಟುವುದಿಲ್ಲ.

ಎರಡನೆಯದು ಸಂಖ್ಯೆಯ ಷರತ್ತು. ವಿಜ್ಞಾನ ಓದಿದವನಾದ್ದರಿಂದ ನನಗೆ ಇಂಥ ಅಂಕಿಗಳ ಮೇಲೆ ತುಸು ಮೋಹ. ರಸ್ತೆಗೆ ಅಡ್ಡವಾಗಿ ರಬ್ಬರ್ ಕೊಳವೆ ಹಾಸಿ, ಚಕ್ರ ಹಾಯ್ದಾಗ ಅದರೊಳಗಿನ ಗಾಳಿ ಒತ್ತುವುದನ್ನು ಯಂತ್ರ ಎಣಿಸುವಂತೆ ಮಾಡುವುದು ವಾಹನ ಎಣಿಕೆಯ ಒಂದು ಹಳೆಯ ವಿಧಾನ. ದಿನಕ್ಕೆ 1,440 ನಿಮಿಷಗಳು. ಅದನ್ನು 499ರಿಂದ ಭಾಗಿಸಿದರೆ ಸುಮಾರು 2.9. ಅಂದರೆ ಮೂರು ನಿಮಿಷಕ್ಕೆ ಒಂದು ವಾಹನ. ಅದಕ್ಕಿಂತ ದಟ್ಟವಾದರೆ ವಿನಾಯಿತಿ ಇಲ್ಲ. ಜೂನೋಗೆ ಹೊರಗಿನ ರಸ್ತೆ ಇಲ್ಲ ನಿಜ, ಆದರೆ ಊರೊಳಗಿನ ಮುಖ್ಯ ರಸ್ತೆಯಲ್ಲಿ ದಿನಕ್ಕೆ ಸಾವಿರಾರು ವಾಹನಗಳು ಓಡುತ್ತವೆ. ಆದ್ದರಿಂದ ಅಲ್ಲಿನ ಲಾರಿ ಚಾಲಕ ಎಲ್ಲರಂತೆ ಪೂರ್ತಿ ಪರೀಕ್ಷೆಗೆ ಕೂರಲೇಬೇಕು. ದೂರವಿದ್ದ ಮಾತ್ರಕ್ಕೆ ರಿಯಾಯಿತಿ ಇಲ್ಲ. ದೂರವೂ ಇರಬೇಕು, ವಿರಳವೂ ಇರಬೇಕು.

ಕಾನೂನಿಗಾಗಿ ದ್ವೀಪವನ್ನು ಹೀಗೆ ಹೊಸದಾಗಿ ವ್ಯಾಖ್ಯಾನಿಸಿದವರು ಅಮೆರಿಕನ್ನರೊಬ್ಬರೇ ಅಲ್ಲ. ಲಾರಿ ಚಾಲಕ ದಿನಕ್ಕೆ ಎಷ್ಟು ಗಂಟೆ ಓಡಿಸಬಹುದು, ಎಷ್ಟು ವಿಶ್ರಮಿಸಬೇಕು ಎಂಬ ಯುರೋಪಿನ ನಿಯಮದಲ್ಲಿ 2,300 ಚದರ ಕಿಲೋಮೀಟರ್ ಮೀರದ, ಸೇತುವೆಯಾಗಲಿ ಸುರಂಗವಾಗಲಿ ಇಲ್ಲದ ದ್ವೀಪದೊಳಗೇ ಓಡುವ ವಾಹನಗಳಿಗೆ ವಿನಾಯಿತಿ ಕೊಡಬಹುದು ಎಂದಿದೆ. 2,300 ಚದರ ಕಿಲೋಮೀಟರ್ ಎಂದರೆ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪ ದೊಡ್ಡದು. ಅಷ್ಟು ಜಾಗದಲ್ಲಿ ಎಷ್ಟು ಓಡಿಸಿದರೂ ಚಾಲಕ ಮನೆಯಿಂದ ಬಹಳ ದೂರ ಹೋಗಲಾರ ಎಂಬುದು ಅದರ ಹಿಂದಿನ ಆಲೋಚನೆಯಿರಬೇಕು. ಬ್ರಿಟನ್ನಿನಲ್ಲಿಯೂ ವಾಹನಗಳು ಬೇರೆ ಕಡೆಯ ರಸ್ತೆಗೆ ಸುಲಭವಾಗಿ ದಾಟಲಾಗದ ಸಣ್ಣ ದ್ವೀಪಗಳಲ್ಲಿ ಕಲಿಕೆಯ ಲೈಸೆನ್ಸ್ ಇರುವವರು ಪಕ್ಕದಲ್ಲಿ ಅನುಭವಿ ಚಾಲಕನಿಲ್ಲದೆಯೇ ಗಾಡಿ ಓಡಿಸಬಹುದೆಂಬ ನಿಯಮವಿದೆ. ಆ ಸಣ್ಣ ದ್ವೀಪಗಳಲ್ಲಿ ದೊಡ್ಡ ದ್ವೀಪಗಳು ಸೇರುವುದಿಲ್ಲ. ಸ್ಕಾಟ್ಲೆಂಡಿನ ಸ್ಕೈ ದ್ವೀಪಕ್ಕೆ 1995ರಲ್ಲಿ ಸೇತುವೆ ಬಂತು. ಅಲೆಗಳು ಮೊದಲಿನಂತೆಯೇ ಸುತ್ತಲೂ ಬಡಿಯುತ್ತಿವೆ. ಆದರೆ ಯುರೋಪಿನ ಆ ಲೆಕ್ಕದಲ್ಲಿ ಸ್ಕೈ ಅಂದಿನಿಂದ ದ್ವೀಪವಲ್ಲ.

ಈಗ ಅಲಾಸ್ಕಾಕ್ಕೆ ಹಿಂದಿರುಗೋಣ. ವಿನಾಯಿತಿ ಎಂದರೆ ಏನನ್ನು ಬಿಟ್ಟರು, ಏನನ್ನು ಬಿಡಲಿಲ್ಲ? ಕೌಶಲದ ಪರೀಕ್ಷೆಯನ್ನು ಪೂರ್ತಿಯಾಗಿ ಬಿಡಬಹುದು. ತಿಳಿವಳಿಕೆಯ ಪರೀಕ್ಷೆಯನ್ನು ಬಿಡುವಂತಿಲ್ಲ. ನಡೆಸುವ ವಿಧಾನ ಬೇರೆಯಾಗಬಹುದು, ವಿಷಯ ಅದೇ ಇರಬೇಕು. ಕಾರ್ಡಿನ ಮೇಲೆ ಭಾವಚಿತ್ರ ಇಲ್ಲದಿದ್ದರೂ ಆದೀತು. ಬಿಡಬಹುದಾದದ್ದು ಇವಿಷ್ಟೇ. ಕುಡಿದು ಓಡಿಸಿದರೆ, ಬೇರೆ ಗಂಭೀರ ತಪ್ಪು ಮಾಡಿದರೆ ಅನರ್ಹನಾಗುವುದು ಎಲ್ಲರಂತೆಯೇ. ಎರಡು ಲೈಸೆನ್ಸ್ ಇಟ್ಟುಕೊಳ್ಳುವಂತಿಲ್ಲ. 1986ರಲ್ಲಿ ಮುಚ್ಚಿದ ಆ ಕಳ್ಳದಾರಿಯನ್ನು ದ್ವೀಪದವರಿಗಾಗಿಯೂ ತೆರೆಯಲಿಲ್ಲ ಎಂಬುದನ್ನು ಗಮನಿಸಿ.

ಆದರೂ ನನಗೊಂದು ಆಕ್ಷೇಪವಿದೆ. ದಯವಿಟ್ಟು ಪೆನ್ಸಿಲ್ ತೆಗೆದುಕೊಳ್ಳಿ. ಚಲನಶಕ್ತಿ ಎಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. 11,794 ಕಿಲೋಗ್ರಾಂ ತೂಗುವ ಲಾರಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದರೆ ಅದರ ಚಲನಶಕ್ತಿ ಸುಮಾರು 4 ಲಕ್ಷ ಜೂಲ್. 1,000 ಕಿಲೋಗ್ರಾಂ ತೂಗುವ ಕಾರೊಂದು ಹೆಚ್ಚುಕಡಿಮೆ ಅಷ್ಟೇ ಶಕ್ತಿ ಪಡೆಯಬೇಕಾದರೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗಬೇಕು. ಹಳ್ಳಿಯ ಜಲ್ಲಿ ರಸ್ತೆಯಲ್ಲಿ ನಿಧಾನವಾಗಿ ಬರುವ ಲಾರಿಯೆಂದರೆ ಹೆದ್ದಾರಿಯಲ್ಲಿ ಧಾವಿಸುವ ಕಾರಿನಷ್ಟು ಬಲ. ಆ ಬಲಕ್ಕೆ ಎದುರಿನಿಂದ ಬರುವ ವಾಹನಗಳು ದಿನಕ್ಕೆ 499ರೋ 4,999ರೋ ಎಂಬುದು ತಿಳಿಯದು. ಎದುರಿಗೆ ಒಂದೇ ಒಂದು ಮಗು ಅಡ್ಡ ಬಂದರೂ ಸಾಕು.

ರಸ್ತೆಯ ಮೇಲಿನ ಪರೀಕ್ಷೆಯನ್ನು ಬಿಟ್ಟದ್ದು ನ್ಯಾಯವೇ. ಹಲವು ಸಾಲುಗಳ ರಸ್ತೆಯಲ್ಲಿ ಸಾಲು ಬದಲಿಸುವುದು, ದಟ್ಟ ಸಂಚಾರದೊಳಗೆ ಸೇರಿಕೊಳ್ಳುವುದು, ಮುಂದಿನ ವಾಹನವನ್ನು ಹಿಂದೆ ಹಾಕುವುದು ಇವನ್ನೆಲ್ಲ ಒಂದೇ ಬೀದಿಯ ಊರಿನಲ್ಲಿ ಪರೀಕ್ಷಿಸುವುದು ಹೇಗೆ? ಆದರೆ ಬ್ರೇಕು ಸರಿಯಿದೆಯೇ, ಟೈರು ಸರಿಯಿದೆಯೇ ಎಂದು ನೋಡುವ ತಪಾಸಣೆಯ ಪರೀಕ್ಷೆಗೆ ಸಂಚಾರ ಬೇಕಾಗಿಲ್ಲ. ಲಾರಿ ನಿಂತಲ್ಲೇ ನಿಂತಿದ್ದರೂ ಅದನ್ನು ಮಾಡಬಹುದು. ಮೂರು ಭಾಗಗಳನ್ನೂ ಒಟ್ಟಿಗೆ ಕೈಬಿಡಲು ಅವಕಾಶ ಕೊಟ್ಟದ್ದು ಅತಿಯಾಯಿತು ಎಂದು ನನ್ನ ಅಭಿಪ್ರಾಯ. ಅಲ್ಲಿನ ಅಧಿಕಾರಿಗಳ ಕಡೆಯಿಂದಲೂ ವಾದವಿದೆ. ಆ ತಪಾಸಣೆಯನ್ನು ನೋಡಿ ಅಂಕ ಹಾಕಲು ತರಬೇತಾದ ಪರೀಕ್ಷಕನೊಬ್ಬ ಪ್ರತಿ ಹಳ್ಳಿಗೂ ವಿಮಾನದಲ್ಲಿ ಹೋಗಬೇಕು, ಹವೆ ಕೆಟ್ಟರೆ ಅಲ್ಲೇ ದಿನಗಟ್ಟಲೆ ಕೂರಬೇಕು. ನೀವು ಯಾವ ಪಕ್ಷ ವಹಿಸುತ್ತೀರಿ? ನಿಮ್ಮ ತರಗತಿಯಲ್ಲಿ ಇದನ್ನು ಚರ್ಚೆಗೆ ಇಟ್ಟು ನೋಡಿ.

ಈ ವಿನಾಯಿತಿಗೆ ಚಾಲಕ ತೆರುವ ಬೆಲೆಯೂ ಇದೆ. ಹೀಗೆ ಕೊಟ್ಟ ಲೈಸೆನ್ಸಿನ ಮೇಲೆ ಎರಡು ನಿರ್ಬಂಧಗಳನ್ನು ನಮೂದಿಸಲೇಬೇಕು. ಮೇಲೆ ಹೇಳಿದಂಥ ರಸ್ತೆಗಳ ಹೊರಗೆ ಭಾರೀ ವಾಹನ ಓಡಿಸುವಂತಿಲ್ಲ. ಅಲಾಸ್ಕಾದ ಆಚೆ ಆ ಕಾರ್ಡಿನಿಂದ ಭಾರೀ ವಾಹನ ಮುಟ್ಟುವಂತಿಲ್ಲ. ಬಾರ್ಜಿನಿಂದ ಇಳಿದ ತೈಲವನ್ನು ಇಪ್ಪತ್ತು ವರ್ಷ ಮಂಜಿನಲ್ಲೂ ಬಿರುಗಾಳಿಯಲ್ಲೂ ಮನೆಮನೆಗೆ ಮುಟ್ಟಿಸಿದ ಚಾಲಕನೊಬ್ಬ, ಮಕ್ಕಳ ಓದಿಗೆಂದೋ ಹೆಂಡತಿಯ ಚಿಕಿತ್ಸೆಗೆಂದೋ ಆಂಕರೇಜ್‌ಗೆ ಬಂದು ನೆಲೆಸಿದನೆಂದುಕೊಳ್ಳಿ. ಅಲ್ಲಿನ ರಸ್ತೆಗಳು ಹೆದ್ದಾರಿ ಜಾಲಕ್ಕೆ ಸೇರಿದವು. ಅವನ ಜೇಬಿನಲ್ಲಿರುವ ಕಾರ್ಡಿಗೆ ಅಲ್ಲಿ ಲಾರಿಯ ಮಟ್ಟಿಗೆ ಬೆಲೆಯಿಲ್ಲ.

2022ರ ಫೆಬ್ರವರಿ 7ರಿಂದ ಅವನ ದಾರಿ ಇನ್ನಷ್ಟು ಉದ್ದವಾಗಿದೆ. ಅಂದಿನಿಂದ ಅಮೆರಿಕದಲ್ಲಿ ಮೊದಲ ಬಾರಿಗೆ ಭಾರೀ ವಾಹನದ ಪೂರ್ಣ ಲೈಸೆನ್ಸ್ ಪಡೆಯುವವರು ನೋಂದಾಯಿತ ತರಬೇತಿ ಸಂಸ್ಥೆಯಲ್ಲಿ ಕಲಿತು, ಆಮೇಲೆ ಕೌಶಲದ ಪರೀಕ್ಷೆಗೆ ಬರಬೇಕು. ಅಲಾಸ್ಕಾದ ನಿರ್ಬಂಧಿತ ಲೈಸೆನ್ಸಿಗೆ ಅರ್ಜಿ ಹಾಕುವವರನ್ನು ಈ ತರಬೇತಿಯಿಂದಲೂ ಹೊರಗಿಟ್ಟಿದ್ದಾರೆ. ತೈಲದ ಲಾರಿಗೆ ಚಾಲಕ ಬೇಕಾದ ಹಳ್ಳಿಗೆ ಅದರಿಂದ ಉಪಕಾರವಾಯಿತು. ಹಳ್ಳಿ ಬಿಟ್ಟು ಬಂದು ಪೂರ್ಣ ಲೈಸೆನ್ಸ್ ಬಯಸುವ ಚಾಲಕನಿಗೆ ಬೇರೆ ಲೆಕ್ಕ. ಅವನು ಮೊದಲು ತರಬೇತಿಗೆ ಸೇರಬೇಕು, ಹಣ ಕಟ್ಟಬೇಕು, ಪರೀಕ್ಷೆಗೆ ಲಾರಿಯೊಂದನ್ನು ಹೊಂದಿಸಿಕೊಳ್ಳಬೇಕು. ಆಮೇಲೆ, ಇಪ್ಪತ್ತು ವರ್ಷ ಓಡಿಸಿದ ಮೇಲೆ, ಪರೀಕ್ಷಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನು ಓಡಿಸಿ ತೋರಿಸುವ ಮೊದಲ ಲಾರಿ ಅದು.